ಸಂಬಳದ ಮಿತಿ ಮತ್ತು ದಸ್ತಗೀರ್ ಸಾಹೇಬರು

ಜೂನ್ ತಿಂಗಳು ಬಂತೆಂದರೆ ನಾನು ಹದಿನೈದು ಮಂದಿ ಎತ್ತರದ ಗಂಡಸರ ಸಂಬಳದ ಚಿಂತೆ ಹಚ್ಚಿಕೊಳ್ಳುತ್ತೇನೆ. ಅವರಲ್ಲಿ ಒಬ್ಬನಿಗೂ ನನ್ನ ಪರಿಚಯವಿಲ್ಲ. ಸಂಬಳ ಕೊಡುವವನು ನಾನಲ್ಲ. ಕೊಡುವವರು ನನ್ನ ಸಲಹೆ ಕೇಳಿಲ್ಲ. ಬಾಸ್ಕೆಟ್‌ಬಾಲ್ ಚೆಂಡನ್ನು ಜೀವಮಾನದಲ್ಲಿ ಎರಡು ಸಲ ಮುಟ್ಟಿದ್ದೇನೆ. ಎರಡನೆಯ ಸಲ ಅದು ನನ್ನ ಕನ್ನಡಕವನ್ನು ಮುಟ್ಟಿತು. ಆದರೂ ಇಲ್ಲಿನ ತಂಡದ ಮುಂದಿನ ವರ್ಷದ ಲೆಕ್ಕ ಸ್ಯಾನ್ ಹೋಸೆಯ ಎವರ್‌ಗ್ರೀನ್ ಬಡಾವಣೆಯ ನಮ್ಮ ಮನೆಯ ಊಟದ ಮೇಜಿನ ಮೇಲೆ, ನಾನು ಕೆಂಪು ಪೆನ್ಸಿಲ್ಲಿನಲ್ಲಿ ಗೆರೆ ಎಳೆದ ನೋಟ್‌ಬುಕ್ಕಿನಲ್ಲಿ ತಯಾರಾಗುತ್ತದೆ.

ನನಗೆ ಆಟಕ್ಕಿಂತ ಅದರ ಕಟ್ಟಳೆ ಇಷ್ಟ. ಮೈಸೂರಿನಲ್ಲಿ ನಾನು ಓದಿದ ಹಾಸ್ಟೆಲಿನಲ್ಲಿ ಏಳುವುದಕ್ಕೊಂದು ಗಂಟೆ, ಸ್ನಾನಕ್ಕೊಂದು ಗಂಟೆ, ಸುಮ್ಮನಿರುವುದಕ್ಕೂ ಒಂದು ಗಂಟೆ ಹೊಡೆಯುತ್ತಿತ್ತು. ಆ ಗಂಟೆ ನನ್ನೊಳಗೆ ಇನ್ನೂ ನಿಂತಿಲ್ಲ. ಓಕ್ಲ್ಯಾಂಡಿನ ಸರ್ಕಾರಿ ಕಚೇರಿಯಲ್ಲಿ ರಸ್ತೆಗಳ ನಕ್ಷೆ ಬರೆಯುತ್ತಿದ್ದಷ್ಟು ವರ್ಷವೂ ಒಂದೇ ರೈಲು, ಒಂದೇ ಡಬ್ಬಿ, ಸಾಧ್ಯವಾದಾಗಲೆಲ್ಲ ಒಂದೇ ಸೀಟು. ನಿವೃತ್ತಿಯಾದ ಮಾರನೆಯ ಬೆಳಿಗ್ಗೆಯೇ ನನ್ನ ದಿನಕ್ಕೊಂದು ವೇಳಾಪಟ್ಟಿ ಬರೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದೆ. ನನ್ನ ಹೆಂಡತಿ ವಿಮಲಾ ಅದನ್ನು ಓದಿ, "ಇದ್ರಲ್ಲಿ ನಾನು ಎಲ್ಲಿದ್ದೀನಿ?" ಎಂದು ಕೇಳಿದಳು. ತಿಂಡಿ, ಊಟ, ಕಾಫಿ ಮೂರರಲ್ಲೂ ಇದ್ದಾಳೆಂದು ತೋರಿಸಿಕೊಟ್ಟೆ. ಅವಳಿಗೆ ಆ ಉತ್ತರ ಹಿಡಿಸಲಿಲ್ಲ.

ಆಟದ ಕಟ್ಟಳೆಗೆ ಬರುತ್ತೇನೆ. ಒಂದು ತಂಡ ತನ್ನ ಆಟಗಾರರಿಗೆಲ್ಲ ಒಟ್ಟು ಇಷ್ಟು ಸಂಬಳ ಕೊಡಬಹುದು ಎಂದು ಒಂದು ಮಿತಿ ಇದೆ. ನಮ್ಮ ಹಿರಿಯರು ಇದನ್ನೇ ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದರು. ಇಲ್ಲಿ ಮಲಗುವವರು ಏಳಡಿ ಎತ್ತರದವರಾದ್ದರಿಂದ ಗಾದೆಗೆ ಕಷ್ಟ ಹೆಚ್ಚು. ಪ್ರತಿ ಬೇಸಿಗೆಯಲ್ಲಿ ಕೆಲವರ ಒಪ್ಪಂದ ಮುಗಿಯುತ್ತದೆ. ಅವರಿಗೆ ಫ್ರೀ ಏಜೆಂಟ್ ಎಂದು ಹೆಸರು. ಕರೆದ ಯಾವ ತಂಡಕ್ಕಾದರೂ ಹೋಗಬಹುದು. ಜೂನ್ ಮುಗಿಯುವ ಹೊತ್ತಿಗೆ ಆ ಸಂತೆ ತೆರೆಯುತ್ತದೆ. ಯಾರನ್ನು ಉಳಿಸಿಕೊಳ್ಳಬೇಕು, ಯಾರನ್ನು ಕಳಿಸಿಕೊಡಬೇಕು ಎಂಬ ಲೆಕ್ಕ ಅಷ್ಟರೊಳಗೆ ಆಗಬೇಕು.

ಈ ಲೆಕ್ಕದಲ್ಲಿ ನನ್ನ ಪಾಲುದಾರರು ದಸ್ತಗೀರ್ ಸಾಹೇಬರು. ಗದಗಿನವರು. ಸ್ಯಾನ್ ಹೋಸೆಯಲ್ಲಿ ಟೈರಿನ ಅಂಗಡಿ ನಡೆಸಿ, ಮಾರಿ, ಈಗ ಗುಡ್ಡದ ಬುಡದ ಒಂದು ಅಪಾರ್ಟ್‌ಮೆಂಟಿನಲ್ಲಿ ಒಬ್ಬರೇ ಇದ್ದವರು. ಹೆಂಡತಿ ತೀರಿಕೊಂಡು ಆರು ವರ್ಷ. ನನ್ನ ಕಾರಿನ ಟೈರು ಬದಲಾಯಿಸುವಾಗ ನಾನು ಕೈಗಡಿಯಾರ ನೋಡಿಕೊಳ್ಳುತ್ತಿದ್ದುದನ್ನು ಕಂಡು, "ಏನ್ರೀ, ಟೈರಿಗೆ ಹೆರಿಗಿ ಆಗ್ಲಿಕ್ಕತ್ತೇತೇನು?" ಎಂದು ಕೇಳಿದ್ದೇ ನಮ್ಮ ಸ್ನೇಹದ ಮೊದಲ ಮಾತು. ಅಲ್ಲಿಂದ ಇಪ್ಪತ್ತು ವರ್ಷ, ಮಂಗಳವಾರ ಮತ್ತು ಶುಕ್ರವಾರ, ಕಚೇರಿಯಿದ್ದಾಗ ಏಳರಿಂದ ಎಂಟೂವರೆ, ನಿವೃತ್ತಿಯ ನಂತರ ನಾಲ್ಕರಿಂದ ಐದೂವರೆ ನಮ್ಮ ಭೇಟಿಯ ಸಮಯ.

ನಾನು ನಿಯಮ ಓದುತ್ತೇನೆ, ಅವರು ಮುಖ ಓದುತ್ತಾರೆ. ತಂಡದಲ್ಲಿ ಎರಡೂ ಮಂಡಿಗೆ ಪಟ್ಟಿ ಸುತ್ತಿಕೊಂಡು ಆಡುವ ಒಬ್ಬ ಹಿರಿಯ ಆಟಗಾರನಿದ್ದಾನೆ. ಸಾಹೇಬರು ಅವನಿಗೆ 'ಮಂಡಿ ಮಾವ' ಎಂದು ಹೆಸರಿಟ್ಟಿದ್ದಾರೆ. ಈ ವರ್ಷ ಅವನ ಒಪ್ಪಂದ ಮುಗಿಯುತ್ತಿತ್ತು. ಅವನಿಗೆ ಕನಿಷ್ಠ ಸಂಬಳ ಸಾಕು ಎಂದು ನಾನು ಬರೆದೆ. ಮಿತಿ ತುಂಬಿ ತುಳುಕಿದ್ದರೂ ಕನಿಷ್ಠ ಸಂಬಳಕ್ಕೆ ಒಬ್ಬನನ್ನು ಇಟ್ಟುಕೊಳ್ಳಲು ಅಡ್ಡಿಯಿಲ್ಲ. ವಯಸ್ಸಾದವರು ಊರಿನ ಮೇಲಿನ ಪ್ರೀತಿಗೆ ಒಪ್ಪುವುದೂ ಉಂಟು.

"ಹತ್ತು ವರ್ಷ ದುಡದಾನ್ರೀ ರಾಯರ," ಸಾಹೇಬರು ಪೆನ್ಸಿಲ್ ಕಸಿದುಕೊಂಡರು. "ಅಂವಾ ಪ್ರೀತೀಲೆ ಇರ್ತಾನ ಅಂತ ಕಡಿಮಿ ಕೊಡೂದೇನು? ಪ್ರೀತಿ ಮಾಡಿದ್ದಕ್ಕ ದಂಡ ಹಾಕ್ತೀರೇನು?"

"ಸಾಹೇಬರೇ, ಮಿತಿ ಅಂತ ಒಂದಿದೆ."

"ಮಿತಿ ನಿಮ್ಮ ನೋಟ್‌ಬುಕ್ಕಿನಾಗ ಐತಿ. ಅವನ ಮಂಡಿ ನೋಡ್ರಿ."

ಅವರ ಮಾತಿಗೆ ಕಟ್ಟಳೆಯಲ್ಲೇ ಆಧಾರವಿತ್ತು ಎಂಬುದನ್ನು ನಾನು ಒಪ್ಪಬೇಕು. ಹೊರಗಿನವನು ಎಂಥ ಮಾಂತ್ರಿಕನಾದರೂ ಅವನಿಗಾಗಿ ಮಿತಿ ದಾಟುವುದು ಸುಲಭವಲ್ಲ. ಆದರೆ ಕೆಲವು ವರ್ಷ ನಿಮ್ಮಲ್ಲೇ ಆಡಿದ ನಿಮ್ಮವನನ್ನು ಉಳಿಸಿಕೊಳ್ಳಲು ಮಿತಿ ಮೀರಬಹುದು. ವಕೀಲರು ಬರೆದ ಅಷ್ಟು ಪುಟಗಳ ನಡುವೆ ಇದೊಂದು ಸಾಲನ್ನು ಯಾರೋ ಮನೆಯಲ್ಲಿ ಊಟ ಮಾಡಿ ಬಂದು ಬರೆದಂತಿದೆ. ಹಳಬನಿಗೆ ಬೇರೆ ಅಳತೆಗೋಲು. ನಮ್ಮ ಹಾಸ್ಟೆಲಿನಲ್ಲಿ ಎಲ್ಲರಿಗೂ ಒಂದೇ ಸೌಟು ಮಜ್ಜಿಗೆ. ಜ್ವರ ಬಂದು ಎದ್ದವನಿಗೆ ಮಾತ್ರ ಅಡುಗೆಯ ಭಟ್ಟರು ವಾರ್ಡನ್ ಕಡೆಗೆ ಬೆನ್ನು ಮಾಡಿ ಎರಡನೆಯ ಸೌಟು ಹಾಕುತ್ತಿದ್ದರು. ವಾರ್ಡನ್ನರೂ ಆ ಕ್ಷಣದಲ್ಲಿ ಕಿಟಕಿಯ ಹೊರಗೆ ನೋಡುತ್ತಿದ್ದರು. ಅದೂ ಕಟ್ಟಳೆಯ ಭಾಗವೇ ಎಂದು ನನಗೆ ಹೊಳೆದದ್ದು ಬಹಳ ತಡವಾಗಿ.

ಎಷ್ಟು ತಡವಾಗಿ ಎಂದು ಹೇಳುತ್ತೇನೆ. ಜೂನ್ ಎರಡನೆಯ ಶುಕ್ರವಾರ ಸಾಹೇಬರು ಚಹಾ ಆರಿಸಿಕೊಳ್ಳುತ್ತ, "ರಾಯರ, ಈ ಸಲ ನಾನೂ ಫ್ರೀ ಏಜೆಂಟ್ ನೋಡ್ರಿ," ಎಂದರು. ಅಪಾರ್ಟ್‌ಮೆಂಟಿನ ಬಾಡಿಗೆಯ ಕರಾರು ತಿಂಗಳ ಕೊನೆಗೆ ಮುಗಿಯುತ್ತದೆ. ಡಲ್ಲಾಸಿನಲ್ಲಿರುವ ಮಗಳು ಶಬಾನಾ ಎರಡನೆಯ ಹೆರಿಗೆಯ ಹೊತ್ತಿಗೆ ಬಂದು ತನ್ನಲ್ಲೇ ಇದ್ದುಬಿಡು ಎನ್ನುತ್ತಿದ್ದಾಳೆ. ಕರಾರು ಮುಂದುವರಿಸುವುದೋ ಹೊರಡುವುದೋ ಇನ್ನೂ ತೀರ್ಮಾನಿಸಿಲ್ಲ. ಅಷ್ಟು ಹೇಳಿ ನನ್ನ ಮುಖ ನೋಡಿದರು.

"ಒಳ್ಳೇದು, ಯೋಚನೆ ಮಾಡಿ," ಎಂದೆ. ಗೆರೆ ಎಳೆಯುವುದನ್ನು ಮುಂದುವರಿಸಿದೆ.

ಊಟದ ಹೊತ್ತಿಗೆ ವಿಮಲಾ ಕೇಳಿದಳು. "ದಸ್ತಗೀರಣ್ಣ ಹಾಗಂದಾಗ ನೀವು ಹೋಗ್ಬೇಡಿ ಅಂದ್ರಾ?"

"ಅದು ಅವರ ಮನೆ ವಿಷಯ."

"ರೀ, ಇಪ್ಪತ್ತು ವರ್ಷದ ಸ್ನೇಹಿತರು. ಒಂದು ಮಾತು ಹೇಳೋಕೆ ಫ್ರಿಜ್ಜಿನ ಮೇಲೆ ಜಾಗ ಸಿಗಲಿಲ್ವಾ?"

ಮರುದಿನ ಫ್ರಿಜ್ಜಿನ ಮುಂದೆ ನಿಂತು ನನ್ನ ದಿನವನ್ನು ತಂಡದ ಲೆಕ್ಕದಂತೆ ಓದಿದೆ. ವಾಕಿಂಗಿಗೆ ಒಂದು ಗಂಟೆ. ಪೂಜೆಗೆ ಅರ್ಧ. ಪತ್ರಿಕೆಗೆ ಒಂದೂಕಾಲು. ಬದನೆ ಗಿಡಗಳಿಗೆ ಮುಕ್ಕಾಲು. ಅವು ಇದುವರೆಗೆ ನಾಲ್ಕು ಕಾಯಿ ಬಿಟ್ಟಿವೆ. ಮಧ್ಯಾಹ್ನದ ನಿದ್ದೆಗೆ ಒಬ್ಬ ದೊಡ್ಡ ತಾರೆಯ ಸಂಬಳ. ಸಾಹೇಬರಿಗೆ ವಾರಕ್ಕೆ ಮೂರೇ ಗಂಟೆ. ಅವರ ಹೆಂಡತಿ ತೀರಿಕೊಂಡ ವರ್ಷವೂ ಮೂರು ಗಂಟೆಯೇ. ಬೇರೆ ದಿನ ಅವರು ಫೋನ್ ಮಾಡಿದರೆ, "ಮಂಗಳವಾರ ಮಾತಾಡೋಣ," ಎಂದಿದ್ದೇನೆ. ಒಬ್ಬ ಮನುಷ್ಯನನ್ನು ಇಪ್ಪತ್ತು ವರ್ಷ ಕನಿಷ್ಠ ಸಂಬಳದಲ್ಲಿ ಇಟ್ಟುಕೊಂಡಿದ್ದೆ. ಅವರು ಪ್ರೀತಿಯಿಂದ ಒಪ್ಪುತ್ತಿದ್ದರಲ್ಲ, ಅದಕ್ಕೇ.

ಆಗ ನಾನು ಮಾಡಿದ ತಪ್ಪು ನನ್ನಂಥವನು ಮಾತ್ರ ಮಾಡಬಲ್ಲದ್ದು. ಹೊಸ ಹಾಳೆ ತೆಗೆದು, ಗೆರೆ ಎಳೆದು, ಸಾಹೇಬರಿಗೆ ಒಂದು ಪ್ರಸ್ತಾವ ಬರೆದೆ. ಭಾನುವಾರ ಬಿಟ್ಟು ದಿನಾ ನಾಲ್ಕರಿಂದ ಏಳು. ಗುರುವಾರ ನಮ್ಮಲ್ಲಿ ಊಟ. ಶುಕ್ರವಾರ ಮಧ್ಯಾಹ್ನ ಮಸೀದಿಗೆ ಕಾರಿನಲ್ಲಿ ಬಿಡುವುದು, ಕರೆತರುವುದು. ಅಂದಿನ ನಿದ್ದೆ ರದ್ದು. ಡಾಕ್ಟರ ಬಳಿಗೆ ಹೋಗುವುದಿದ್ದರೆ ಎರಡು ದಿನ ಮೊದಲೇ ತಿಳಿಸಿದರೆ ಸಾಕು. ಕೆಳಗೆ ಸಹಿ ಹಾಕಿ, ಫೋನ್ ಕೂಡ ಮಾಡದೆ, ಒಂದು ಸೋಮವಾರ ಬೆಳಿಗ್ಗೆ ಹತ್ತು ಗಂಟೆಗೆ ಅವರ ಬಾಗಿಲು ತಟ್ಟಿದೆ.

ಬಾಗಿಲು ತೆರೆದ ಸಾಹೇಬರು ಗಾಬರಿಯಾದರು. "ಏನಾತ್ರೀ? ತಂಗಿ ಆರಾಮದಾಳಿಲ್ಲೋ?"

ವಿಮಲಾ ಆರಾಮಾಗಿದ್ದಾಳೆ ಎಂದೆ. ಹೇಳದೆ ಕೇಳದೆ ನಾನು ಬಂದೆನೆಂದರೆ ಯಾರಿಗೋ ಏನೋ ಆಗಿರಬೇಕು ಎಂದುಕೊಳ್ಳುವಷ್ಟು ನನ್ನನ್ನು ಬಲ್ಲವರು ಅವರು. ಒಳಗೆ ಗೋಡೆಯ ಪಕ್ಕ ರಟ್ಟಿನ ಪೆಟ್ಟಿಗೆಗಳಿದ್ದವು. ಅರ್ಧ ತುಂಬಿದ್ದವು, ಅರ್ಧ ಖಾಲಿ. ಹಾಳೆಯನ್ನು ಕೈಗಿತ್ತೆ. ಕನ್ನಡಕ ಹುಡುಕಿ, ಕಿಟಕಿಯ ಬಳಿ ಹಿಡಿದು ಓದಿದರು. ಮೊದಲು ಹೊಟ್ಟೆ ಕುಣಿಯಿತು, ಆಮೇಲೆ ನಗು ಹೊರಗೆ ಬಂತು.

"ರಾಯರ, ಎದಿ ನೋವು ಬಂದ್ರ ಎರಡು ದಿನ ಮೊದಲ ತಿಳಸ್ಬೇಕೇನ್ರಿ?"

ನಾನೂ ನಕ್ಕೆ. ಹಾಳೆಯಲ್ಲಿ ಎಲ್ಲ ಬರೆದಿದ್ದೆ, ಹೇಳಬೇಕಾದದ್ದೊಂದು ಬಿಟ್ಟು.

"ಇರಿ ಸಾಹೇಬರೇ," ಎಂದೆ. "ಹೋಗಬೇಡಿ. ಹಾಳೆ ಬಿಡಿ, ಯಾವಾಗ ಬೇಕಾದರೂ ಬನ್ನಿ."

ಅವರು ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಅಂಗಿಯ ಜೇಬಿಗೆ ಹಾಕಿಕೊಂಡರು. ಬಹಳ ಹೊತ್ತು ಜೇಬಿನ ಮೇಲೆಯೇ ಕೈ ಇತ್ತು.

"ಹೋಗ್ತೇನ್ರಿ," ಎಂದರು ಮೆತ್ತಗೆ. "ನಿನ್ನೆ ಶಬಾನಾಗ ಹ್ಞೂ ಅಂದೆ. ತಾಯಿ ಇಲ್ಲದ ಹುಡುಗಿ, ಹೆರಿಗಿ ಹೊತ್ತಿನಾಗ ಯಾರರ ಬೇಕಲ್ಲ. ಆದ್ರ ಒಂದ್ ಮಾತು. ಯಾರೂ ಇರು ಅನ್ನದ ಹೋಗೂದು ಬ್ಯಾರೆ, ಇರು ಅನಿಸಿಕೊಂಡು ಹೋಗೂದು ಬ್ಯಾರೆ. ನಿನ್ನೀತನಕ ಹೊಂಟಂವಾ ಬ್ಯಾರೆ ಮನಶ್ಯಾ."

"ಮೊದಲೇ ಹೇಳಿದ್ದರೆ?"

"ಆಗೂ ಹೋಗ್ತಿದ್ದೆ. ಪೆಟ್ಟಿಗಿ ತುಂಬೂದು ಇಷ್ಟ್ ತಡಾ ಆಗ್ತಿರಲಿಲ್ಲ, ಅಷ್ಟ."

ಆ ದಿನ ಮಧ್ಯಾಹ್ನ ಎರಡರವರೆಗೆ ಅಲ್ಲಿಯೇ ಇದ್ದೆ. ಪೆಟ್ಟಿಗೆಗಳ ಮೇಲೆ ಒಳಗೇನಿದೆ ಎಂದು ದಪ್ಪ ಅಕ್ಷರದಲ್ಲಿ ಬರೆಯುವ ಕೆಲಸ ನನಗೆ ಸಿಕ್ಕಿತು. ಅಂಥ ಕೆಲಸ ನನಗೆ ಚೆನ್ನಾಗಿ ಬರುತ್ತದೆ. ಹೊರಡುವ ದಿನದವರೆಗೆ ನಾವು ನೋಟ್‌ಬುಕ್ ತೆರೆಯಲಿಲ್ಲ. ಅವರು ಬೆಳಿಗ್ಗೆ ಬಂದರು, ಊಟದ ನಡುವೆ ಬಂದರು, ಒಂದು ದಿನ ಎರಡು ಸಲ ಬಂದರು. ಬದನೆ ಗಿಡಗಳು ಒಣಗಿದವು.

ಸಂತೆ ತೆರೆದಾಗ ನಮ್ಮ ತಂಡ ಮಿತಿ ಮೀರಿ ಮಂಡಿ ಮಾವನನ್ನು ಉಳಿಸಿಕೊಂಡಿತು, ಅದೂ ಕನಿಷ್ಠಕ್ಕಿಂತ ಬಹಳ ಮೇಲಿನ ಸಂಬಳಕ್ಕೆ. ಡಲ್ಲಾಸಿನಿಂದ ಫೋನ್ ಬಂತು. ಹಿನ್ನೆಲೆಯಲ್ಲಿ ಒಂದು ಮಗು ಕಿರುಚುತ್ತಿತ್ತು. "ನೋಡಿದ್ರೇನು ರಾಯರ?" ಎಂದು ಅದಕ್ಕಿಂತ ಜೋರಾಗಿ ಸಾಹೇಬರು ಕೂಗುತ್ತಿದ್ದರು. ನನ್ನ ಲೆಕ್ಕ ತಪ್ಪಿತ್ತೆಂದು ಒಪ್ಪಿಕೊಂಡೆ. ತಪ್ಪಿದ ಲೆಕ್ಕ ಅಷ್ಟು ಹಿತವಾಗಿರುತ್ತದೆಂದು ಗೊತ್ತಿರಲಿಲ್ಲ.

ಕಳೆದ ವಾರ ವಿಮಲಾ ಒಂದು ಸುದ್ದಿ ತಂದಳು. ಮೂರು ಮನೆಯಾಚೆಗೆ ಕ್ಯುಪರ್ಟಿನೋದಿಂದ ಒಬ್ಬ ನಿವೃತ್ತ ಡಾಕ್ಟರು ಬಂದಿದ್ದಾರಂತೆ. ಕನ್ನಡದವರು, ಬಾಸ್ಕೆಟ್‌ಬಾಲ್ ಹುಚ್ಚು, ಸಂಬಳದ ನಿಯಮಗಳನ್ನೂ ಅರೆದು ಕುಡಿದಿದ್ದಾರಂತೆ. "ಹೇಗೂ ಮಂಗಳವಾರ, ಶುಕ್ರವಾರ ನಾಲ್ಕಕ್ಕೆ ನೀವು ಖಾಲಿ ಕೂತಿರ್ತೀರಲ್ಲ. ಆಗ್ಲೇ ಬರೋಕೆ ಹೇಳ್ಲಾ?"

ಈ ಆಟದಲ್ಲಿ ಇನ್ನೊಂದು ನಿಯಮವಿದೆ. ಒಪ್ಪಂದ ಮುಗಿದ ಆಟಗಾರನ ಹೆಸರು ಅವನ ತಂಡದ ಲೆಕ್ಕದಿಂದ ತಾನಾಗಿ ಅಳಿಸಿಹೋಗುವುದಿಲ್ಲ. ಅವನು ಬೇರೆ ತಂಡ ಸೇರುವವರೆಗೆ, ಇಲ್ಲವೇ ತಂಡವೇ ಅವನನ್ನು ಬಿಟ್ಟುಕೊಡುವವರೆಗೆ, ಅವನ ಜಾಗ ಲೆಕ್ಕದಲ್ಲಿ ಹಾಗೆಯೇ ಇರುತ್ತದೆ. ಜಾಣ ತಂಡಗಳು ಬೇಗ ಬಿಟ್ಟುಕೊಟ್ಟು ಹೊಸಬರಿಗೆ ಜಾಗ ಮಾಡುತ್ತವೆ. ನಿಯಮವನ್ನು ಅಕ್ಷರಶಃ ಓದಿದರೆ ಸಾಹೇಬರು ಆಗಲೇ ಡಲ್ಲಾಸ್ ತಂಡ ಸೇರಿದ್ದಾರೆ. ಅದನ್ನು ಓದುವಾಗ ನಾನು ಸ್ವಲ್ಪ ಹೊತ್ತು ಕಿಟಕಿಯ ಹೊರಗೆ ನೋಡಿದೆ.

"ಖಂಡಿತ ಬರಲಿ," ಎಂದು ವಿಮಲಾಗೆ ಹೇಳಿದೆ. "ಒಳ್ಳೆಯವರ ಹಾಗೆ ಕಾಣುತ್ತಾರೆ. ಅವರಿಗೆ ಬುಧವಾರ ಕೊಡೋಣ."