ಶಿವಬಸಪ್ಪನವರ ಎರಡು

ಗ್ಲೆಂಡೇಲ್ ಹೈಟ್ಸ್‌ನ ಮೂಳೆ ಡಾಕ್ಟರ ಕ್ಲಿನಿಕ್ಕಿನಲ್ಲಿ ನನ್ನ ಗೆಳತಿ ವತ್ಸಲಾ ಹನ್ನೊಂದು ವರ್ಷದಿಂದ ಒಂದೇ ಕೆಲಸ ಮಾಡುತ್ತಿದ್ದಾಳೆ. ಡಾಕ್ಟರು ಬರೆದ ಮಾತ್ರೆಗೆ ಇನ್ಶೂರೆನ್ಸ್‌ನವರ ಒಪ್ಪಿಗೆ ಕೇಳುವುದು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರಲ್ಲ, ಆ ಪೂಜಾರಿಯ ಮುಂದೆ ದಿನವಿಡೀ ಫೋನ್ ಹಿಡಿದು ಕೂರುವವಳು ಇವಳು. ಫಾರ್ಮಿನಲ್ಲಿ ಸುಳ್ಳು ಬರೆದವಳಲ್ಲ. ಅದೇ ಅವಳ ಜಂಬ.

ಗದಗಿನ ಶಿವಬಸಪ್ಪನವರು ಮಗಳ ಮನೆ ಮುಂದಿನ ಐಸಿನಲ್ಲಿ ಜಾರಿ ಮೂರು ಪಕ್ಕೆಲುಬು ಮುರಿದುಕೊಂಡಿದ್ದರು. ಡಾಕ್ಟರು ಏಳು ದಿನಕ್ಕೆ ಜೋರಾದ ನೋವಿನ ಮಾತ್ರೆ ಬರೆದರು.

"ಅಂಕಲ್, ಒಂದರಿಂದ ಹತ್ತರೊಳಗೆ ನೋವು ಎಷ್ಟಿದೆ? ಹತ್ತು ಅಂದ್ರೆ ತಡೆಯೋಕೇ ಆಗದ್ದು," ಫಾರ್ಮು ತುಂಬುತ್ತಾ ವತ್ಸಲಾ ಕೇಳಿದಳು.

ಎದೆಗೆ ದಿಂಬು ಒತ್ತಿಕೊಂಡಿದ್ದ ಮುದುಕರು ಪಕ್ಕದಲ್ಲಿದ್ದ ಮಗಳನ್ನು ನೋಡಿದರು. "ಅಡ್ಡಿಯಿಲ್ರೀ... ಅಕ್ಕಾರ. ಎರಡು... ಬರ್ಕೋರಿ."

ನಮ್ಮವರೇ ಹೀಗೆ. ಚಟ್ಟದ ಮೇಲೆ ಮಲಗಿಸಿ ಕೇಳಿದರೂ ಪರವಾಗಿಲ್ಲ ಅನ್ನುವ ಜನ. ಅದು ಗೊತ್ತಿದ್ದೂ ವತ್ಸಲಾ ಎರಡು ಅಂತಲೇ ಬರೆದಳು.

ನಾಲ್ಕಕ್ಕಿಂತ ಕಡಿಮೆ ನೋವಿಗೆ ಆ ಮಾತ್ರೆ ಇಲ್ಲ ಎಂದು ಉತ್ತರ ಬಂತು. ಇನ್ನು ದಿನಾ ಮೂರು ಗಂಟೆಗೆ ಇನ್ಶೂರೆನ್ಸ್‌ನ ಮೆಷಿನ್ ರೋಗಿಗೇ ಫೋನ್ ಮಾಡಿ ಕೇಳುತ್ತದೆ. ಉತ್ತರದ ರೆಕಾರ್ಡಿಂಗ್ ಕೇಳಿ ವತ್ಸಲಾ ಮತ್ತೆ ಅಪ್ಲೈ ಮಾಡಬೇಕು. ಮೊದಲ ದಿನ "ಎರಡು." ಮರುದಿನ ಬಹಳ ಹೊತ್ತು ಬರೀ ಉಸಿರು, ಆಮೇಲೆ "ಎರಡು."

ವತ್ಸಲಾ ತಾನೇ ಫೋನ್ ಮಾಡಿದಳು. "ಅಂಕಲ್, ಇರೋದನ್ನ ಹೇಳಿ, ಮಾತ್ರೆ ಕೊಡ್ತಾರೆ."

"ಮಗಳು ಬಾಜೂಕೇ ಕುಂತಾಳ್ರೀ. ಹೆದರ್ತಾಳ."

ನೋವಿಗೆ ಹೆದರಿ ಅವರು ಕೆಮ್ಮಲಿಲ್ಲ, ಉಸಿರು ತುಂಬ ಎಳೆಯಲಿಲ್ಲ. ಶ್ವಾಸಕೋಶದಲ್ಲಿ ಕಫ ಕಟ್ಟಿತು. ಐದನೆಯ ದಿನ ಬೆಳಿಗ್ಗೆ ಆಸ್ಪತ್ರೆಯಲ್ಲಿ ತೀರಿಕೊಂಡರು.

ಅಂತ್ಯಕ್ರಿಯೆ ಮುಗಿಸಿ ಬಂದ ಸೋಮವಾರ, ಫೈಲು ಮುಚ್ಚಲೆಂದು ವತ್ಸಲಾ ರೆಕಾರ್ಡಿಂಗ್ ಕೇಳುವ ಇನ್ಶೂರೆನ್ಸ್ ಲೈನಿಗೆ ಫೋನ್ ಮಾಡಿದಳು. ಇವತ್ತಿನ ಉತ್ತರ ಒಂದಿದೆ ಅಂದಿತು ಮೆಷಿನ್. ಹೊತ್ತು ಮೂರೂ ಕಾಲು. ಮೊದಲು ಏನೂ ಕೇಳಿಸಲಿಲ್ಲ. ಆಮೇಲೆ ಅದೇ ದನಿ, ಏದುಸಿರಿಲ್ಲದೆ, ತೊಳೆದಿಟ್ಟಷ್ಟು ಸ್ಪಷ್ಟವಾಗಿ:

"ಹತ್ತು ಐತ್ರೀ ಅಕ್ಕಾರ. ಮಗಳು ಇಲ್ಲಿಲ್ಲ. ಈಗ ಬರ್ಕೋರಿ."

ಏಳು ದಿನಕ್ಕೆ ಒಪ್ಪಿಗೆ ನೀಡಲಾಗಿದೆ ಎಂದು ಹೇಳಿ ಮೆಷಿನ್ ಫೋನ್ ಇಟ್ಟಿತು.

ಕಂಪನಿಯವರನ್ನು ವಿಚಾರಿಸಿದರೆ, ಅವತ್ತು ಆ ನಂಬರಿಗೆ ಫೋನೇ ಹೋಗಿಲ್ಲ ಅಂದರು. ನನಗೆ ದೆವ್ವದಲ್ಲಿ ನಂಬಿಕೆಯಿಲ್ಲ, ಆ ಕಂಪನಿಯಲ್ಲಂತೂ ಮೊದಲೇ ಇಲ್ಲ. ಆದರೆ ಆಮೇಲೆ ಕ್ಲಿನಿಕ್ಕಿಗೆ ಬಂದ ಒಪ್ಪಿಗೆಯ ಕಾಗದವನ್ನು ನಾನೇ ಕಣ್ಣಾರೆ ನೋಡಿದ್ದೇನೆ.

ವತ್ಸಲಾ ಅದನ್ನು ಡ್ರಾಯರಿನಲ್ಲಿಟ್ಟುಕೊಂಡಿದ್ದಾಳೆ. ಮೂರು ಗಂಟೆಗೆ ಫೋನ್ ರಿಂಗಾದರೆ ಎತ್ತುವುದಿಲ್ಲ.

"ಆ ದಿಂಬು ನಂಗೆ ಕಾಣ್ತಿತ್ತು ಕಣೇ," ಅನ್ನುತ್ತಾಳೆ. "ಕಾಣ್ತಿದ್ರೂ ಎರಡು ಅಂತ ಬರೆದೆ."