ಕಾವಲಿನಲ್ಲಿ ಬರೀ ಕಾಗೆ

ನಿನ್ನೆ ಸಂಜೆ ತುಂತುರು ಹನಿಯಿತೆಂದು ಪೆಟ್ಟಿಗೆಯಿಂದ ಕಂಬಳಿ ತೆಗೆದೆ. ಚಳ್ಳಕೆರೆಯ ಕಂಬಳಿ ನೋಡಿ, ಎಷ್ಟು ಬಿಸಿಲಿಗೆ ಹಾಕಿದರೂ ತಾನು ಹಿಂದೆ ಕುರಿಯಾಗಿದ್ದುದನ್ನು ಮರೆಯುವುದಿಲ್ಲ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಲಾಕ್‌ಡೌನಿನ ಬೆಳಗುಗಳು, ಸಿರಿಯಜ್ಜಿ, ಅವಳ ಸ್ಟೀಲ್ ತಟ್ಟೆ ಎಲ್ಲವೂ ಒಟ್ಟಿಗೆ ನೆನಪಾದವು. ತಟ್ಟೆಯ ವಿಷಯಕ್ಕೆ ಆಮೇಲೆ ಬರುತ್ತೇನೆ, ನೀವು ಸ್ವಲ್ಪ ಕಾಲು ಚಾಚಿ ಕೂತುಕೊಳ್ಳಿ.

ಆಗ ನಾನು ಚಳ್ಳಕೆರೆಯಲ್ಲಿ ಹೈಸ್ಕೂಲ್ ಟೀಚರು, ಬಾಡಿಗೆ ಮನೆಯಲ್ಲಿ ಒಬ್ಬಳೇ. ಶಾಲೆ ಮುಚ್ಚಿತ್ತು. ಮೊಳಕಾಲ್ಮೂರಿನ ನಮ್ಮ ಮನೆಗೆ ಹೋಗೋಣವೆಂದರೆ ಬಸ್ಸಿರಲಿಲ್ಲ. ಎಣ್ಣೆ ಮಿಲ್ಲುಗಳು ನಿಂತು ಊರಿಗೆ ಊರೇ ವಾಸನೆ ಕಳೆದುಕೊಂಡಿತ್ತು. ಎಂದೋ ಕೊಂಡಿದ್ದ ದುರ್ಬೀನು ಹಿಡಿದು ಮಹಡಿಯ ಮೇಲೆ ನಿಂತೆ. ಕಾಜಾಣವನ್ನು ನೋಡುತ್ತಿದ್ದೆನೆಂದು ದೇವರಾಣೆ ಹೇಳಿದರೂ ಎದುರು ಮನೆಯವರು ಕಿಟಕಿ ಮುಚ್ಚಿಕೊಂಡರು. ಅಲ್ಲಿಗೆ ಮಹಡಿ ಮುಗಿಯಿತು. ಮರುದಿನದಿಂದ ಬೆಳಗಿನ ಜಾವ ಸ್ಕೂಟಿ ಹತ್ತಿ ದೊಡ್ಡಉಳ್ಳಾರ್ತಿ ಕಡೆಯ ಕಾವಲಿಗೆ, ಅಂದರೆ ದನಕುರಿ ಮೇಯುವ ಬಯಲು ಹುಲ್ಲುಗಾವಲಿಗೆ, ಹೊರಟೆ. ದಾರಿಯಲ್ಲಿ ತಡೆದ ಪೊಲೀಸಪ್ಪನಿಗೆ ಹಕ್ಕಿ ನೋಡಲು ಹೋಗುತ್ತಿದ್ದೇನೆಂದು ನಿಜವನ್ನೇ ಹೇಳಿದೆ. ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಮಾಸ್ಕ್ ಹಾಕ್ಕೊಂಡು ನೋಡ್ರಿ" ಎಂದು ಬಿಟ್ಟ.

ಅಮ್ಮನಿಗೆ ಅಷ್ಟು ಸುಲಭದಲ್ಲಿ ಸಮಾಧಾನವಾಗಲಿಲ್ಲ. ಮಗ್ಗ ನಿಂತು ಕೈಗೆ ಕೆಲಸವಿಲ್ಲದೆ ದಿನಕ್ಕೆ ನಾಲ್ಕು ಸಲ ಫೋನು ಮಾಡುತ್ತಿದ್ದಳು. "ಒಕ್ಕದಾನಿವೇ ಅಡವಿಕಿ ಪೋತಾವಾ?" ಎಂದು ಮನೆಯ ತೆಲುಗಿನಲ್ಲಿ ಬೈದಳು, ಒಬ್ಬಳೇ ಅಡವಿಗೆ ಹೋಗ್ತೀಯಾ ಅಂತ. ಒಬ್ಬಳೇ ಅಲ್ಲಮ್ಮ, ಕುರಿಗಳಿರುತ್ತವೆ ಎಂದೆ. ಅದರಿಂದ ಅವಳ ಚಿಂತೆ ಹೆಚ್ಚಿತು.

ನನಗಿದ್ದದ್ದು ಒಂದೇ ಆಸೆ. ನಮ್ಮ ಹಕ್ಕಿ ನೋಡುವವರ ವಾಟ್ಸಾಪ್ ಗುಂಪಿನಲ್ಲಿ ಎಲ್ಲರೂ ದಿನಕ್ಕೊಂದು ಅಪರೂಪದ ಹಕ್ಕಿ ಹಾಕಿ ಮೆರೆಯುತ್ತಿದ್ದರು. ನಾನು ಮಾತ್ರ ಗುಬ್ಬಿಯ ಗಿರಾಕಿ. ಒಮ್ಮೆಯಾದರೂ ಎರೆಬೂತವನ್ನು ಕಂಡು ಅವರ ಬಾಯಿ ಮುಚ್ಚಿಸಬೇಕಿತ್ತು. ಬಿಳಿ ಕತ್ತು, ತಲೆಯ ಮೇಲೆ ಕಪ್ಪು ಟೋಪಿ, ಮನುಷ್ಯರ ಸೊಂಟದೆತ್ತರದ ಹುಲ್ಲುಗಾವಲಿನ ಹಕ್ಕಿ ಅದು. ನಮ್ಮ ಕಡೆ ಮುಗಿದೇ ಹೋಯಿತೆಂದು ಎಲ್ಲರೂ ಕೈಬಿಟ್ಟಿದ್ದರು.

ಮೊದಲ ವಾರ ನೆಲಗುಬ್ಬಿ, ಗೌಜಲಹಕ್ಕಿ, ಟಿಟ್ಟಿಭ ಎಂದು ಪುಸ್ತಕ ತುಂಬಿತು. ಎರಡನೆಯ ವಾರ ಹೋದರೆ ಕಾವಲು ಗುಡಿಸಿದ ಅಂಗಳದಂತೆ ಖಾಲಿ. ಮೂರನೆಯ ದಿನ ಕಾರಣ ಸಿಕ್ಕಿತು. ಕುರಿ ಕಾಯುವ ಸಿರಿಯಜ್ಜಿ ನನಗಿಂತ ಮೊದಲೇ ಬಂದು, ಹುಲ್ಲಿನ ನಡುವೆ ಅತ್ತಿಂದಿತ್ತ ಓಡಾಡುತ್ತ ಸ್ಟೀಲ್ ತಟ್ಟೆ ಬಡಿಯುತ್ತಿದ್ದಳು.

"ಏನಜ್ಜಿ ಇದು?"

"ಟೀವಿಯಾಗೆ ತಟ್ಟೆ ಬಡೀರಿ ಅಂದ್ರಲ್ಲವ್ವ. ಕೊರೋನ ಓಡುಸ್ತಾ ಇದೀನಿ."

"ಅದು ಒಂದೇ ದಿನಕ್ಕೆ ಅಂದಿದ್ದು."

"ನಮ್ ಕಾವಲಾಗೆ ಇನ್ನೂ ಹೋಗಿಲ್ಲ."

ನಾನು ನಗದೆ ನಿಂತೆ. ಅಜ್ಜಿ ತಟ್ಟೆ ಕೆಳಗಿಟ್ಟು, ನನ್ನ ಪುಸ್ತಕದ ಕಡೆ ಬೊಟ್ಟು ಮಾಡಿ ಒಳಗಿನ ಮಾತು ಹೇಳಿದಳು. "ಮೊದ್ಲು ಒಬ್ರು ಬಂದು ನೋಡ್ತಾರೆ. ಆಮೇಲೆ ಬರ್ಕೊಂತಾರೆ. ಆಮೇಲೆ ಕಲ್ಲು ನೆಡ್ತಾರೆ. ಆಕಡೀಕೆ ಕಾವಲಿಗೆ ಸರ್ಕಾರದೋರ ಗ್ವಾಡೆ ಎದ್ದಿದ್ದೂ ಹಿಂಗೇಯ. ನೀನು ಹಕ್ಕಿ ಬರ್ಕೊಂಡ್ರೆ ಹಕ್ಕಿಗೂ ಬೇಲಿ ಹಾಕ್ತಾರೆ. ನನ್ ಕುರಿ ಎಲ್ಲಿ ಮೇಯ್ಬೇಕು?"

ನಾನು ಬರೀ ಟೀಚರು, ಇದು ಬರೀ ಹುಚ್ಚು ಎಂದು ಎಷ್ಟು ಹೇಳಿದರೂ ಅವಳು ನಂಬಲಿಲ್ಲ. ಸಂಬಳವಿಲ್ಲದೆ ಯಾರಾದರೂ ಹಕ್ಕಿ ಎಣಿಸುತ್ತಾರೆಯೇ, ನೀವೇ ಹೇಳಿ. ಕೊನೆಗೆ ಇಬ್ಬರ ನಡುವೆ ರಾಜಿಯಾಯಿತು. ಅವಳು ತಟ್ಟೆ ಬಡಿಯುವಂತಿಲ್ಲ, ನಾನು ಅವಳು ಒಪ್ಪಿದ್ದನ್ನು ಬಿಟ್ಟು ಬೇರೆ ಬರೆಯುವಂತಿಲ್ಲ.

"ಕಾಗೆ ಬರ್ಕೊ. ಕಾಗೆಗೆ ಯಾರೂ ಬೇಲಿ ಹಾಕಾಕಿಲ್ಲ."

ಹೀಗೆ ನನ್ನ ಪುಸ್ತಕದಲ್ಲಿ ಪುಟಗಟ್ಟಲೆ ಕಾಗೆ ತುಂಬಿದವು. ಹದ್ದಿಗೆ ಅಜ್ಜಿ ಎರಡು ದಿನ ಯೋಚಿಸಿ ಅನುಮತಿ ಕೊಟ್ಟಳು. ನವಿಲಿಗೆ ಖಡಾಖಂಡಿತ ಇಲ್ಲ, ಅದು ಸರ್ಕಾರಿ ಹಕ್ಕಿಯಂತೆ. ಮಕ್ಕಳ ಮೇಲೆ ರೇಗಾಡುವ ನಾನು ಅವಳ ಮುಂದೆ ಹೋಂವರ್ಕ್ ತೋರಿಸುವ ಹುಡುಗಿಯಾದೆ. ಸುಳ್ಳೇಕೆ, ಆ ದಿನಗಳಲ್ಲಿ ನನ್ನೊಡನೆ ಮುಖಾಮುಖಿ ಕೂತು ಮಾತಾಡಿದವಳು ಅವಳೊಬ್ಬಳೇ. ಅವಳು ಬರದ ದಿನ ನನಗೆ ಹಕ್ಕಿಯೂ ಬೇಡವಾಗುತ್ತಿತ್ತು.

ಒಂದು ಬೆಳಗ್ಗೆ ಇಬ್ಬರೂ ಜಾಲಿ ಮರದ ಕೆಳಗೆ ಮುದ್ದೆ ಬಿಚ್ಚಿದ್ದೆವು. ಹುಲ್ಲಿನ ನಡುವಿನಿಂದ ಬಿಳಿ ಕತ್ತೊಂದು ಎದ್ದಿತು. ತಲೆಯ ಮೇಲೆ ಕಪ್ಪು ಟೋಪಿ. ಯಾರ ಹಂಗೂ ಇಲ್ಲದೆ ಹೆಜ್ಜೆ ಎಣಿಸಿ ಇಡುತ್ತ ಕುರಿಗಳ ಪಕ್ಕದಲ್ಲೇ ನಡೆಯಿತು. ಪುಸ್ತಕಕ್ಕೆ ಕೈ ಹಾಕುವ ಅವಸರದಲ್ಲಿ ಪೆನ್ನು ಬಿತ್ತು. ಅಜ್ಜಿ ಎದ್ದು ನಿಂತು ಸೆರಗನ್ನು ಅಗಲಕ್ಕೆ ಹಿಡಿದು ನನಗೆ ಅಡ್ಡವಾದಳು.

"ಅದು ನಂದೇ ಕುರಿ."

"ರೆಕ್ಕೆ ಐತಲ್ಲಜ್ಜಿ."

"ಈ ವರ್ಷದ ಮೇವಿಗೆ ಹಂಗಾಗೈತೆ."

ಹಾಗೆಂದವಳು ಸೆರಗನ್ನು ಇನ್ನಷ್ಟು ಅಗಲಿಸಿದಳು. ನಾನು ಗುಂಪಿನವರ ಮುಖಗಳನ್ನೆಲ್ಲ ನೆನೆದೆ. ನನ್ನ ಜನ್ಮಕ್ಕೊಂದೇ ಸಲ ಸಿಗುವ ಮೆರವಣಿಗೆ ಎದುರಿಗೇ ಹೊರಟಿತ್ತು. ಪೆನ್ನು ಹುಡುಕಿ, ಅವಳಿಗೆ ಕೇಳುವಂತೆ ಗಟ್ಟಿಯಾಗಿ ಓದುತ್ತ ಬರೆದೆ: "ಕುರಿ, ಒಂದು." ಅವಳು ಸೆರಗು ಇಳಿಸಿದಳು. ಆಮೇಲೆ ಅದು ಕಣ್ಮರೆಯಾಗುವವರೆಗೂ ಇಬ್ಬರೂ ನೋಡಿದೆವು.

ಶಾಲೆ ತೆರೆಯಿತು, ಕಾವಲು ತಪ್ಪಿತು. ಆ ಹಕ್ಕಿಯ ವಿಷಯ ಯಾರಿಗೂ ಹೇಳಲಿಲ್ಲ. ಅಜ್ಜಿಗೆ ಕೊಟ್ಟ ಮಾತು ಉಳಿಸಿದೆನೆಂದು ಇಷ್ಟು ವರ್ಷ ಒಳಗೊಳಗೇ ಬೀಗುತ್ತಿದ್ದೆ. ನಿನ್ನೆಯ ವಾಸನೆ ಸುಮ್ಮನಿರಗೊಡಲಿಲ್ಲ, ಇವತ್ತು ಬೆಳಗ್ಗೆ ಹೋದೆ. ಅಜ್ಜಿ ಅದೇ ಮರದ ಕೆಳಗಿದ್ದಳು, ಬೆನ್ನು ಬಗ್ಗಿತ್ತು, ನನ್ನ ಗುರುತು ಹಿಡಿಯಲು ಅವಳಿಗೆ ಹೊತ್ತಾಯಿತು. ಹಿಡಿದ ಮೇಲೆ ಯೋಗಕ್ಷೇಮ ಕೇಳುವ ಮೊದಲೇ, "ಅವತ್ತಿನ ಕುರಿ ನಿಂಗೆ ಮತ್ತೆಲ್ಲಾದ್ರೂ ಕಾಣ್ತಾ?" ಎಂದಳು.

"ಇಲ್ಲಜ್ಜಿ."

"ನಂಗೂ ಇಲ್ಲ. ದಿನಾ ನೋಡ್ತೀನಿ."

ಅವತ್ತು ಹಕ್ಕಿಯೆಂದೇ ಬರೆದಿದ್ದರೆ ಯಾರಾದರೂ ಅದನ್ನು ಕಾಪಾಡುತ್ತಿದ್ದರೋ ಏನೋ, ನನಗೆ ಗೊತ್ತಿಲ್ಲ. ಇಬ್ಬರೂ ಹುಲ್ಲಿನ ಕಡೆ ನೋಡುತ್ತ ಕೂತೆವು. ಬಿಸಿಲೇರಿತು. ಎದ್ದು ಹೊರಟಾಗ ಅಜ್ಜಿ ಕರೆದಳು.

"ನಾಳೆ ಬುಕ್ಕು ತಗಂಡ್ ಬಾ. ಆ ಹಕ್ಕಿ ಬಂದ್ರೆ ಬರ್ಕೊ. ಕಲ್ಲು ನೆಟ್ರೆ ನೆಡ್ಲಿ."