ಕುದುರೆ ಹಡಗಿನಲ್ಲಿ ಬಂದ ಓಪಲ್

ನನ್ನ ಯಜಮಾನರು ಒಡವೆಗೆ ಕಲ್ಲು ಕೂರಿಸುವವರು. ಅಶೋಕ ರಸ್ತೆಯ ಹಿಂದಿನ ಗಲ್ಲಿಯಲ್ಲಿ ನಮ್ಮದು ಎರಡು ಕೋಣೆಯ ಮನೆ. ಬೀದಿ ಕಡೆಯ ಕೋಣೆಯಲ್ಲಿ ಕೆಲಸ; ಒಳಗಿನದರಲ್ಲಿ ಅಡುಗೆ, ನಿದ್ದೆ, ಉಳಿದದ್ದೆಲ್ಲ. ದೇಶಕ್ಕೆ ಸ್ವಾತಂತ್ರ್ಯ ಬಂದ ಮೇಲೆ ಅರಮನೆ ಕಡೆಯಿಂದ ಬರುತ್ತಿದ್ದ ಕೆಲಸ ನಿಧಾನವಾಗಿ ನಿಂತಿತು. ಅದೇ ಹೊತ್ತಿಗೆ ಅವರ ಕಣ್ಣೂ ಮಂಕಾಗತೊಡಗಿತು. ಆಸ್ಪತ್ರೆಯಲ್ಲಿ ಡಾಕ್ಟರು ದೀಪ ಹಿಡಿದು ನೋಡಿ, ಇದು ಪೊರೆಯಲ್ಲ, ಒಳಗಿನ ನರ ಸೊರಗಿದೆ, ಕನ್ನಡಕದಿಂದ ಉಪಯೋಗವಿಲ್ಲ ಎಂದರು. ಯಜಮಾನರು ಮನೆಗೆ ನಡೆದು ಬಂದರು. ಮಾರನೆಯ ಬೆಳಿಗ್ಗೆ ಮಣೆಯ ಮುಂದೆ ಕೂತು ನನ್ನನ್ನು ಕರೆದರು.

"ಚಿಮುಟ ಹಿಡಿ. ನಾನು ಹೇಳ್ತಾ ಹೋಗ್ತೀನಿ, ನೀನು ಮಾಡು."

"ನಂಗೆ ಬರಲ್ಲ."

"ನಂಗೂ ಹುಟ್ಟಿದಾಗ ಬರ್ತಿರಲಿಲ್ಲ ಕಣೇ. ಹಿಡಿ."

ನಾನು ಇಲವಾಲದ ಅಕ್ಕಸಾಲಿಗರ ಮನೆಯ ಮಗಳು. ನಮ್ಮಪ್ಪ ರೈತರ ಮನೆಗಳಿಗೆ ಬೆಳ್ಳಿಯ ಕಾಲುಂಗುರ, ಉಡಿದಾರ ಮಾಡುತ್ತಿದ್ದರು. ಬೆಂಕಿ, ಸುತ್ತಿಗೆ ನನಗೆ ಹೊಸದಲ್ಲ. ಆದರೆ ಕಲ್ಲು ಕೂರಿಸುವುದು ಬೇರೆಯದೇ ಕೆಲಸ. ದಿನವೆಲ್ಲ ಕತ್ತು ಬಗ್ಗಿಸಿಕೊಂಡು, ಉಸಿರು ಬಿಗಿಹಿಡಿದು, ಅಕ್ಕಿ ಕಾಳಿನಷ್ಟು ಜಾಗದಲ್ಲಿ ಕೈ ಆಡಿಸಬೇಕು. ಸಂಜೆಗೆ ಬೆನ್ನು ನೆಟ್ಟಗಾಗುತ್ತಿರಲಿಲ್ಲ. ಆಮೇಲೆ ಒಲೆ ಹಚ್ಚಬೇಕು, ನೀರು ಹೊರಬೇಕು. ಆ ವರ್ಷಗಳನ್ನು ನೆನೆದರೆ ಮೊದಲು ನೆನಪಿಗೆ ಬರುವುದು ಕಲ್ಲುಗಳ ಬಣ್ಣವಲ್ಲ, ಕತ್ತಿನ ಹಿಂದಿನ ನೋವು.

ಹೆಂಗಸು ಕೂರಿಸಿದ ಕಲ್ಲು ನಿಲ್ಲುತ್ತದೆಯೇ ಎಂದು ಪೇಟೆಯವರಿಗೆ ಅನುಮಾನ. ವಜ್ರ, ಕೆಂಪು, ಪಚ್ಚೆಯನ್ನು ನಮ್ಮ ಮನೆಗೆ ಕಳಿಸುವುದನ್ನು ನಿಲ್ಲಿಸಿದರು. ಬೇರೆಯವರು ಬೇಡವೆಂದದ್ದು ಮಾತ್ರ ನಮಗೆ ಬರುತ್ತಿತ್ತು. ಹಾಗೆ ಬಂದದ್ದು ಓಪಲ್. ಅದು ನವರತ್ನಕ್ಕೆ ಸೇರಿದ ಕಲ್ಲಲ್ಲ. ಪೇಟೆಯಲ್ಲಿ ಅದನ್ನು ಹಾಲುಕಲ್ಲು ಎನ್ನುತ್ತಿದ್ದರು. ಅದರೊಳಗೆ ನೀರಿನಂಶ ಇರುತ್ತದೆ. ಬೆಂಕಿ ಸೋಕಿದರೆ ಸೀಳುತ್ತದೆ. ನಮ್ಮ ಕಡೆ ಒಡವೆಯ ಗೂಡಿಗೆ ಬಿಸಿ ಅರಗು ತುಂಬಿ, ಅದರ ಮೇಲೆ ಕಲ್ಲು ಕೂರಿಸಿ, ಸುತ್ತ ಚಿನ್ನ ಒತ್ತುವುದು ವಾಡಿಕೆ. ಓಪಲ್‌ಗೆ ಅದು ಆಗದು. ಹಿಂಬದಿಯನ್ನು ತೆರೆದೇ ಬಿಟ್ಟು, ತೆಳುವಾದ ಚಿನ್ನದ ಅಂಚನ್ನು ಕೈಯಿಂದಲೇ ಸ್ವಲ್ಪ ಸ್ವಲ್ಪವಾಗಿ ಬಗ್ಗಿಸಿ ತರಬೇಕು. ಒತ್ತಡ ಒಂದಿಷ್ಟು ಹೆಚ್ಚಾದರೂ ಕಲ್ಲು ಹೋಯಿತು. ಅಷ್ಟು ತಾಳ್ಮೆ ಯಾರಿಗೆ ಬೇಕಿತ್ತು? ನನಗೂ ಬೇಕಿರಲಿಲ್ಲ, ಆದರೆ ಬೇರೆ ಕೆಲಸವೂ ಇರಲಿಲ್ಲ.

ಹೀಗೆ ಒಂದೊಂದಾಗಿ ಅದರ ಜಾತಿಗಳು ಗೊತ್ತಾದವು. ಹೆಚ್ಚಾಗಿ ಬರುತ್ತಿದ್ದದ್ದು ಬಿಳಿಯದು: ಹಾಲಿನಂಥ ಮೈ, ಒಳಗೆ ತಿಳಿಯಾದ ಹಸಿರು, ಗುಲಾಬಿ. ಪದಕಕ್ಕೆ, ಓಲೆಗೆ ಅದು ಚೆನ್ನ. ಇನ್ನೊಂದು ಗಾಜಿನ ಹಾಗೆ ಪಾರದರ್ಶಕ. ಬೆರಳು ಹಿಂದಿಟ್ಟರೆ ಬೆರಳು ಕಾಣುತ್ತದೆ, ಬಣ್ಣ ಮಾತ್ರ ಗಾಳಿಯಲ್ಲಿ ನಿಂತ ಹಾಗೆ. ಬೊಂಬಾಯಿಯ ವ್ಯಾಪಾರಿಯೊಬ್ಬರು ಕಿತ್ತಳೆ ಬಣ್ಣದ ಬೆಂಕಿ ಓಪಲ್ ತಂದಿದ್ದರು. ಅದರಲ್ಲಿ ಬಣ್ಣ ಕುಣಿಯುವುದಿಲ್ಲ, ಆರದ ಕೆಂಡದ ಹಾಗೆ ಸುಮ್ಮನೆ ಹೊಳೆಯುತ್ತದೆ. ಅದನ್ನು ಮುಖ ಮುಖವಾಗಿ ಸಾಣೆ ಹಿಡಿಸಿ ಕಾಲರಿನ ಪಿನ್ನಿಗೆ ಹಾಕಿಸಿಕೊಂಡು ಹೋದರು. ಕಪ್ಪು ಮೈಯ ಓಪಲ್ ಎಲ್ಲಕ್ಕಿಂತ ಅಪರೂಪದ್ದು ಎಂದು ಯಜಮಾನರು ಹೇಳುತ್ತಿದ್ದರು. ನಾನು ಕಂಡಿರಲಿಲ್ಲ.

ಕೆಲಸ ಮುಗಿದ ಪ್ರತಿ ಕಲ್ಲನ್ನೂ ಅವರು ಕೈಗೆ ತೆಗೆದುಕೊಂಡು, "ಏನ್ ಬಣ್ಣ ಇದೆ ಹೇಳು" ಎನ್ನುತ್ತಿದ್ದರು.

ಸುಸ್ತಾಗಿದ್ದ ದಿನ ನಾನು, "ಎಲ್ಲಾ ಬಣ್ಣಾನೂ ಐತೆ ಬುಡಿ" ಎನ್ನುತ್ತಿದ್ದೆ.

"ಅದು ಹೇಳ್ದಂಗಾಗ್ಲಿಲ್ಲ."

ಮತ್ತೆ ಬಾಗಿಲ ಬೆಳಕಿಗೆ ಹಿಡಿದು ಹೇಳಬೇಕಿತ್ತು. ಅಂಚಿನಲ್ಲಿ ಎಳೆ ಬಾಳೆಲೆಯ ಹಸಿರು. ತಿರುಗಿಸಿದರೆ ಅದು ಹೋಗಿ ನೀಲಿ. ನಡುವೆ ಒಂದು ಕಡೆ, ಕುಂಕುಮ ಚೆಲ್ಲಿ ಒರೆಸಿದ ಮೇಲೆ ನೆಲದಲ್ಲಿ ಉಳಿಯುತ್ತದಲ್ಲ, ಅಂಥ ಕೆಂಪು. ಅವರು ತಲೆಯಾಡಿಸಿ ಕೇಳುತ್ತಿದ್ದರು. ನನಗೆ ಒಲೆಯ ಮೇಲಿನ ಬೇಳೆಯ ಚಿಂತೆ.

ಒಂದು ಮಧ್ಯಾಹ್ನ ಅಗ್ರಹಾರದಿಂದ ವಯಸ್ಸಾದ ಹೆಂಗಸೊಬ್ಬರು ಜಟಕಾದಲ್ಲಿ ಬಂದರು. ಕೆಂಪು ಸೀರೆ, ಹೊದ್ದ ಸೆರಗು, ಬರಿಯ ಕೈ, ಬರಿಯ ಹಣೆ. ಸೊಂಟದಿಂದ ನಶ್ಯದ ಡಬ್ಬಿಯೊಂದನ್ನು ತೆಗೆದು ಮಣೆಯ ಮೇಲಿಟ್ಟರು. ಒಳಗೆ ಹತ್ತಿಯ ಮೇಲೆ ಒಂದು ಹಿಡಿ ಓಪಲ್.

"ಇದರಲ್ಲಿ ಒಂದು ಉಂಗುರ ಆಗ್ಬೇಕು ಕಣಮ್ಮ" ಎಂದರು.

"ಯಾರಿಗೆ ಅಮ್ಮಾವ್ರೆ? ಬೆರಳಿನ ಅಳತೆ ಬೇಕಲ್ಲ."

ಅವರು ತಮ್ಮ ಬಲಗೈ ಚಾಚಿದರು. ನಾನು ಅಳತೆಯ ಉಂಗುರಗಳನ್ನು ಎತ್ತಿಕೊಳ್ಳಲಿಲ್ಲ. ಗಂಡ ಹೋದ ಹೆಂಗಸು ಅವರ ಮನೆತನದಲ್ಲಿ ಉಂಗುರ ಹಾಕುವುದೆಂದರೆ ಏನೆಂದು ನನಗೆ ಗೊತ್ತಿತ್ತು. ಯಜಮಾನರು ಮೂಲೆಯಿಂದ, "ಅಳತೆ ತಗೋ" ಎಂದರು.

ಅಳತೆ ತೆಗೆಯುವಾಗ ಆ ಹೆಂಗಸೇ ಹೇಳಿದರು. ಅವರ ಗಂಡ ಅರಮನೆಯ ಕುದುರೆ ಲಾಯದಲ್ಲಿ ಗುಮಾಸ್ತರು. ಬಹಳ ಹಿಂದೆ ಆಸ್ಟ್ರೇಲಿಯಾದಿಂದ ಕುದುರೆ ಕೊಂಡು ತರಲು ಹೋದ ತಂಡದ ಜೊತೆ ಅವರನ್ನೂ ಕಳಿಸಿದರು. ಹಿಂದಿರುಗಿ ಬರುವಾಗ, ಕುದುರೆಗಳನ್ನು ತುಂಬಿದ ಹಡಗಿನಲ್ಲಿ, ಈ ಡಬ್ಬಿಯನ್ನು ಒಳಜೇಬಿನಲ್ಲಿಟ್ಟುಕೊಂಡು ಬಂದರಂತೆ.

"ಸಮುದ್ರ ದಾಟಿ ಬಂದಿದ್ದಕ್ಕೆ ಅವರಿಗೆ ಪ್ರಾಯಶ್ಚಿತ್ತ ಆಯ್ತು. ಕಲ್ಲಿಗೆ ಆಗ್ಲಿಲ್ಲ. ನಮ್ಮತ್ತೆ ಇದನ್ನ ಮೈಮೇಲೆ ಹಾಕ್ಕೊಳ್ಳಕ್ಕೆ ಬಿಡ್ಲಿಲ್ಲ. ಅತ್ತೆ ಹೋಗೋ ಹೊತ್ತಿಗೆ ಇವರೂ ಹೋದ್ರು. ಮುತ್ತೈದೆ ಆಗಿದ್ದಾಗ ಹಾಕ್ಕೊಳ್ಳೋ ಹಾಗಿರಲಿಲ್ಲ, ಈಗಲೂ ಹಾಗಿಲ್ಲ. ನನಗೆ ಸಾಕಾಯ್ತಮ್ಮ."

ಕೋಪದಿಂದ ಹೇಳಿದ ಮಾತಲ್ಲ ಅದು. ಬಿಸಿಲಲ್ಲಿ ನಡೆದು ಬಂದವರು ನೀರು ಕೇಳುವ ಧ್ವನಿ.

ಉಂಗುರಕ್ಕೆ ಓಪಲ್ ಒಳ್ಳೆಯದಲ್ಲ, ಮೆತ್ತನೆಯ ಕಲ್ಲು, ತಾಗಿದರೆ ಗೀರು ಬೀಳುತ್ತದೆ, ಸಣ್ಣ ಪದಕ ಮಾಡಿಸಿ ಸೆರಗಿನೊಳಗೆ ಇಟ್ಟುಕೊಳ್ಳಿ ಎಂದು ನಾನು ಹೇಳಿದೆ.

"ಪದಕ ನನ್ನ ಕಣ್ಣಿಗೆ ಕಾಣತ್ತೇನಮ್ಮ? ಕೈಯಲ್ಲಿದ್ರೆ ತಾನೆ ನಾನು ನೋಡೋದು" ಎಂದರು.

ಅವರು ಆರಿಸಿದ್ದು ಡಬ್ಬಿಯಲ್ಲಿದ್ದ ಒಂದೇ ಒಂದು ಕಪ್ಪು ಕಲ್ಲನ್ನು. ಅದೇ ಎಲ್ಲಕ್ಕಿಂತ ಒಳ್ಳೆಯದೆಂದು ಗಂಡ ಹೇಳಿದ್ದರಂತೆ. ಅವರು ಡಬ್ಬಿಯನ್ನು ನಮ್ಮಲ್ಲೇ ಬಿಟ್ಟು ಹೋದ ಮೇಲೆ ಅದರಲ್ಲಿದ್ದದ್ದನ್ನೆಲ್ಲ ಬಟ್ಟೆಯ ಮೇಲೆ ಹರಡಿದೆ. ಬಿಳಿಯವು ಕೆಲವು, ಪಾರದರ್ಶಕವಾದವು ಒಂದೆರಡು, ಬಣ್ಣವೇ ಇಲ್ಲದ ಬರಿಯ ಬಿಳುಪು ಚೂರುಗಳು, ಕಂದು ಬಂಡೆಯ ತುಂಡಿಗೆ ಅಂಟಿಕೊಂಡೇ ಬೆಳೆದ ಒಂದು ಒರಟು ಕಲ್ಲು. ಆ ಕಪ್ಪು ಕಲ್ಲಂತೂ ನೋಡಿದಷ್ಟೂ ಹೊಸದು. ಕಪ್ಪಿನೊಳಗಿಂದ ನವಿಲಿನ ಕತ್ತಿನ ನೀಲಿ ಎದ್ದು ಬಂದು, ಅಲುಗಿಸಿದರೆ ಕೆಂಪಿಗೆ ತಿರುಗುತ್ತಿತ್ತು. ಕೇಳುವ ಮೊದಲೇ ಯಜಮಾನರಿಗೆ ಹೇಳಿದೆ. ಅವರು ಕಲ್ಲನ್ನು ಎತ್ತಿಕೊಂಡು, ಉಗುರಿನಿಂದ ಅದರ ಪಕ್ಕವನ್ನು ಸುತ್ತಲೂ ಸವರಿದರು. ಮತ್ತೊಮ್ಮೆ ಸವರಿದರು.

"ಇಲ್ಲಿ ಒಂದು ಗೆರೆ ಸಿಕ್ತಾ ಐತೆ. ಭೂತಗನ್ನಡಿ ಹಾಕಿ ನೋಡು."

ನೋಡಿದೆ. ಪಕ್ಕದಲ್ಲಿ ಕೂದಲಿನಂಥ ನೇರ ಗೆರೆ. ಮೇಲೆ ಓಪಲ್‌ನ ತೆಳುವಾದ ಹಾಳೆ, ಕೆಳಗೆ ಯಾವುದೋ ಕಪ್ಪು ಕಲ್ಲು, ನಡುವೆ ಅಂಟು. ಇಂಥದನ್ನು ಜೋಡಿಕಲ್ಲು ಎನ್ನುತ್ತಾರೆ. ಹಾಳೆ ನಿಜವಾದದ್ದೇ, ಕೆಳಗಿನ ಕಪ್ಪಿನಿಂದ ಅದರ ಬಣ್ಣ ಎದ್ದು ಕಾಣುತ್ತದೆ. ಆದರೆ ನೀರು ತಾಗುತ್ತ ಹೋದರೆ ಅಂಟು ಮಸುಕಾಗುತ್ತದೆ.

ಇದನ್ನು ಅವರಿಗೆ ಹೇಗೆ ಹೇಳುವುದೆಂದು ನಾವು ಮಾತಾಡಿಕೊಳ್ಳುತ್ತಿರುವಾಗಲೇ, ಎರಡು ಮೂರು ದಿನಗಳಲ್ಲಿ, ಅವರ ಮಗ ಬಂದರು. ಕಚೇರಿಗೆ ಹೋಗುವ ಉಡುಪು, ಕೈಯಲ್ಲಿ ಸೈಕಲ್ಲು. ಒಳಗೆ ಬರಲಿಲ್ಲ, ಜಗಲಿಯ ಮುಂದೆ ನಿಂತೇ ಮಾತಾಡಿದರು.

"ಅಮ್ಮ ಏನೋ ಹೇಳಿ ಹೋಗಿದ್ದಾರಂತೆ. ಅದು ಬೇಡ. ಕಲ್ಲೆಲ್ಲ ವಾಪಸ್ ಕೊಟ್ಬಿಡಿ."

ಯಜಮಾನರು ಎದ್ದು ಬಾಗಿಲಿನವರೆಗೆ ಬಂದು ಚೌಕಟ್ಟು ಹಿಡಿದು ನಿಂತರು. "ತಂದವರು ಅವರು ಸ್ವಾಮಿ. ಅವರೇ ಬಂದು ಕೇಳಿದ್ರೆ ಈ ಗಳಿಗೆಲಿ ಕೊಡ್ತೀವಿ."

"ನಾಲ್ಕು ಜನ ಏನಂತಾರೆ ಅಂತ ನಿಮಗೆ ಗೊತ್ತಿಲ್ವಾ?"

"ಗೊತ್ತು ಸ್ವಾಮಿ."

ಮಗ ಸೈಕಲ್ಲನ್ನು ಬೀದಿಯ ಕಡೆ ತಿರುಗಿಸಿದರು. ಜೋರು ಮಾಡುವ ಮನುಷ್ಯರಲ್ಲ. ಅವರ ಮುಖದಲ್ಲೂ ಆಯಾಸವಿತ್ತು, ಮನೆಯಲ್ಲಿ ಒಂದು ಮಾತು, ಹೊರಗೆ ಒಂದು ಮಾತು ಕೇಳಿ ಕೇಳಿ ಬಳಲಿದವರ ಹಾಗೆ. ಸೈಕಲ್ಲು ತಳ್ಳಿಕೊಂಡು ಹೋದರು.

ಮಾರನೆಯ ದಿನ ತಾಯಿಯೇ ಬಂದರು. ಮಗ ಬಂದದ್ದನ್ನು ಹೇಳಿದೆ. ತಿಳಿಯಿತೆಂದು ತಲೆಯಾಡಿಸಿದರು. ಆಮೇಲೆ ಕಲ್ಲಿನ ವಿಷಯ ಹೇಳಿ, ಭೂತಗನ್ನಡಿ ಕೊಟ್ಟು ಗೆರೆಯನ್ನು ತೋರಿಸಿದೆ. ಬಹಳ ಹೊತ್ತು ನೋಡಿದರು.

"ಅವರಿಗೆ ಮೋಸ ಆಗಿತ್ತಾ?"

"ಏನು ಹೇಳಿ ಮಾರಿದ್ರೋ ನಮಗೆ ಗೊತ್ತಿಲ್ಲ ಅಮ್ಮಾವ್ರೆ. ಮೇಲಿಂದು ನಿಜವಾದ ಓಪಲ್ಲೇ. ಬೇಕಾದ್ರೆ ಈ ಬಿಳೀದು ಹಾಕ್ಕೊಡ್ತೀನಿ. ಇದು ಒಂದೇ ಕಲ್ಲು, ಬಾಳಿಕೆ ಬರತ್ತೆ."

ಅವರು ಬಿಳಿಯದನ್ನು ಬೆರಳಿನ ಮೇಲಿಟ್ಟು ನೋಡಿದರು. ಚೆನ್ನಾಗಿದೆ ಎಂದರು. ಮತ್ತೆ ಡಬ್ಬಿಯಲ್ಲಿಟ್ಟರು.

"ಈ ಕಪ್ಪನ್ನೇ ಹಾಕು. ರಾತ್ರಿಯೆಲ್ಲ ಹಡಗಲ್ಲಿ ಕುದುರೆಗಳು ಕಾಲು ಬಡೀತಿದ್ವಂತೆ, ನಿದ್ದೆ ಬರದೆ ಇದನ್ನ ಲಾಂದ್ರದ ಬೆಳಕಲ್ಲಿ ನೋಡ್ತಾ ಕೂತಿರ್ತಿದ್ರಂತೆ. ಅವರು ನೋಡಿದ್ದು ಇದನ್ನ."

ಆ ಉಂಗುರಕ್ಕೆ ನಾನು ಪಟ್ಟಷ್ಟು ಶ್ರಮ ಇನ್ಯಾವುದಕ್ಕೂ ಪಟ್ಟಿಲ್ಲ. ಹಾಳೆ ಎಷ್ಟು ತೆಳುವೆಂದರೆ ಅಂಚನ್ನು ಒಂದೆಳೆಯಷ್ಟು ಬಗ್ಗಿಸಿ, ಭೂತಗನ್ನಡಿಯಲ್ಲಿ ನೋಡಿ, ಮತ್ತೆ ಒಂದೆಳೆ ಬಗ್ಗಿಸಬೇಕಿತ್ತು. ಮುಗಿದಾಗ ಸಂತೋಷವೂ ಆಗಲಿಲ್ಲ. ಗೋಡೆಗೆ ಒರಗಿ ಹಾಗೇ ನಿದ್ದೆ ಹೋದೆ. ಅವರು ಬಂದು ಉಂಗುರ ಹಾಕಿಕೊಂಡು, ಕೈಯನ್ನು ಮಡಿಲಲ್ಲಿಟ್ಟು ನೋಡುತ್ತ ಕೂತರು. ನೀರು ತಾಗಿಸಬೇಡಿ, ಸ್ನಾನದ ಹೊತ್ತಿಗೆ ತೆಗೆದಿಡಿ ಎಂದು ಹೇಳಿ ಕಳಿಸಿದೆ.

ಅವರು ತೆಗೆದಿಡಲಿಲ್ಲ. ತೆಗೆದಿಟ್ಟರೆ ಮತ್ತೆ ಕೈಗೆ ಸಿಗುವುದೋ ಇಲ್ಲವೋ ಎಂಬ ಭಯ ಅವರಿಗೆ. ಮೊದಮೊದಲು ನೆಂಟರು ಆ ಮನೆಯಲ್ಲಿ ಊಟಕ್ಕೆ ಕೂರುತ್ತಿರಲಿಲ್ಲವಂತೆ. ಬರಬರುತ್ತ ಅವರಿಗೂ ಬೇಸರ ಬಂದು ಕೂತರಂತೆ. ಕೆಲವು ವರ್ಷಗಳ ಮೇಲೆ ಆ ತಾಯಿ ಮತ್ತೆ ಬಂದಾಗ ಕಲ್ಲಿನ ಅಂಚಿನಿಂದ ನಡುವಿನವರೆಗೆ ಬೂದಿ ಬಣ್ಣದ ಮಬ್ಬು ಹತ್ತಿತ್ತು. ಬಿಚ್ಚಿ ಹೊಸ ಅಂಟು ಹಾಕಬಹುದು, ಹಾಳೆ ಮುರಿದರೂ ಮುರಿಯಬಹುದು ಎಂದೆ.

"ಬಿಡಮ್ಮ. ನನ್ನ ಕಣ್ಣಿಗೂ ಪೊರೆ ಬಂದಿದೆ. ಎರಡಕ್ಕೂ ಸರಿಹೋಯ್ತು" ಎಂದು ನಕ್ಕರು. ಮೂಲೆಯಲ್ಲಿದ್ದ ಯಜಮಾನರೂ ನಕ್ಕರು. ಅವರು ಹಾಗೆ ನಕ್ಕು ಬಹಳ ಕಾಲವಾಗಿತ್ತು.

ಆಮೇಲೆ ಚಿನ್ನದ ಕಾನೂನು ಬಂತು. ಹದಿನಾಲ್ಕು ಕ್ಯಾರೆಟ್ಟಿಗಿಂತ ಹೆಚ್ಚಿನ ಚಿನ್ನದಲ್ಲಿ ಹೊಸ ಒಡವೆ ಮಾಡುವ ಹಾಗಿಲ್ಲ ಎಂದಾಯಿತು. ನಮ್ಮ ಗಲ್ಲಿಯಲ್ಲಿ ಊದುಗೊಳವೆಯ ಸದ್ದು ನಿಂತಿತು. ಕೆಲವರು ತರಕಾರಿ ಗಾಡಿ ತಳ್ಳಿದರು, ಕೆಲವರು ಊರು ಬಿಟ್ಟರು. ನಾನು ಊದಿನಕಡ್ಡಿ ಹೊಸೆಯುವ ಕೆಲಸ ಹಿಡಿದೆ. ನಿಜ ಹೇಳಬೇಕೆಂದರೆ ನನಗೆ ದುಃಖಕ್ಕಿಂತ ಹಗುರವೆನಿಸಿದ್ದೇ ಹೆಚ್ಚು. ಊದಿನಕಡ್ಡಿ ಮುರಿದರೆ ಇನ್ನೊಂದು ಹೊಸೆದರಾಯಿತು. ಯಜಮಾನರು ಪಕ್ಕದಲ್ಲಿ ಕೂತು ಕಡ್ಡಿಗಳನ್ನು ಕಟ್ಟು ಕಟ್ಟುತ್ತಿದ್ದರು. ಬಣ್ಣದ ಮಾತು ನಮ್ಮಿಬ್ಬರ ನಡುವೆ ನಿಂತುಹೋಯಿತು.

ಆ ತಾಯಿ ತೀರಿಕೊಂಡ ಸುದ್ದಿ ತಂದವರು ಅವರ ಮಗನೇ. ಈ ಸಲ ಸೈಕಲ್ಲನ್ನು ಗೋಡೆಗೆ ಒರಗಿಸಿ ಒಳಗೆ ಬಂದು ಕೂತರು. ಜೇಬಿನಿಂದ ಉಂಗುರ ತೆಗೆದು ನನ್ನ ಮುಂದಿಟ್ಟರು. ಕಲ್ಲು ಪೂರ್ತಿ ಮಬ್ಬಾಗಿತ್ತು. ಒಂದು ಮೂಲೆಯಲ್ಲಿ ಮಾತ್ರ ಚೂರು ನೀಲಿ.

"ಇದನ್ನ ಏನ್ಮಾಡೋದು ಗೊತ್ತಾಗ್ತಾ ಇಲ್ಲ. ನನ್ನ ಹೆಂಡತಿ ಮುಟ್ಟಲ್ಲ ಅಂತಾಳೆ. ಕರಗಿಸೋಕೆ ನನಗೆ ಮನಸ್ಸು ಬರ್ತಿಲ್ಲ" ಎಂದರು. "ಬೀರುವಿನಲ್ಲಿ ಇಟ್ರೆ ಹಾಳಾಗತ್ತಾ?"

"ತೀರಾ ಒಣಗಿದ ಜಾಗದಲ್ಲಿ ಇಡಬ್ಯಾಡಿ, ಒಳಗಿನ ನೀರು ಆರಿದ್ರೆ ಸೀಳತ್ತೆ. ಆಗಾಗ ತೆಗೆದು ಸ್ವಲ್ಪ ಕೈಯಲ್ಲಿ ಇಟ್ಕೊಳ್ಳಿ."

"ನಾನಾ?"

"ಯಾರಾದ್ರೂ ಸರಿ."

ಅವರು ಉಂಗುರವನ್ನು ಕಿರುಬೆರಳಿಗೆ ಹಾಕಿ ನೋಡಿದರು. ಗಿಣ್ಣಿನ ಹತ್ತಿರ ಸಿಕ್ಕಿಕೊಂಡಿತು. ಹಾಗೇ ಕೈಯನ್ನು ಬಾಗಿಲ ಬೆಳಕಿಗೆ ತಿರುಗಿಸಿದರು. ನಾನು ಊದಿನಕಡ್ಡಿಯ ಹಿಟ್ಟು ಮೆತ್ತಿದ ಕೈ ತೊಳೆದುಕೊಂಡು ಬಂದು ಕಾಫಿಗೆ ನೀರಿಟ್ಟೆ.